ಕಪ್ತಾನನ ಮಾತು

"ಇವತ್ತು ನೀನು ಇಳಿಯಲ್ಲ, ರೈಮೋ," ಎಂದ ಟಾರ್ಮೊ.

ಬಗ್ಗಿ ಕಾಲಿಗೆ ಪ್ಯಾಡು ಬಿಗಿಯುತ್ತಿದ್ದ ರೈಮೋನ ಕೈ ಅಲ್ಲೇ ನಿಂತಿತು. ಇನ್ನೊಂದು ಗಂಟೆಗೆ ಟಾಂಪೆರೆ ನಗರದ ಆ ಕ್ರೀಡಾಂಗಣದಲ್ಲಿ ಐಸ್ ಹಾಕಿ ಲೀಗಿನ ಕೊನೆಯ ಪಂದ್ಯ, ಗೆದ್ದವರಿಗೆ ಕಪ್. ಹದಿನೈದು ವರ್ಷ ಆ ತಂಡದ ಗೋಲು ಕಾದ ರೈಮೋಗೆ ಅದು ಬದುಕಿನ ಕೊನೆಯ ಪಂದ್ಯವೂ ಆಗಿತ್ತು. ಮಂಡಿ ಇನ್ನು ತಡೆಯದು ಎಂದು ಡಾಕ್ಟರು ಹೇಳಿಯಾಗಿತ್ತು, ಅವನು ನಿವೃತ್ತನಾಗುವ ಸುದ್ದಿಯನ್ನು ಪತ್ರಿಕೆಗಳು ಬರೆದೂ ಆಗಿತ್ತು. ಮಗನ ಆಟವನ್ನು ಕೊನೆಯ ಸಲ ನೋಡಲೆಂದು ಅವನ ಅಪ್ಪ ಉತ್ತರದ ಕೆಮಿಯಿಂದ ರೈಲು ಹತ್ತಿ ಬಂದಿದ್ದ.

"ಯಾರು ಹಾಗಂದಿದ್ದು?"

"ಇನ್ಯಾರು, ಕೋಚು. ಗೋಲಿಗೆ ಆ ಹುಡುಗ ಎಲಿಯಾಸ್‌ನ ನಿಲ್ಲಿಸ್ತಾರಂತೆ."

"ನೀನು ಕಪ್ತಾನ. ನೀನೇನಂದೆ?"

"ಜಗಳಾನೇ ಆಡ್ದೆ ಮಾರಾಯ. ಅವನ ಕೊನೇ ಮ್ಯಾಚು, ಇಷ್ಟು ಕಟುಕರಾಗ್ಬೇಡಿ ಅಂದೆ. ಆ ಮುದುಕ ಕೇಳ್ಬೇಕಲ್ಲ."

ಇಬ್ಬರೂ ಒಂದೇ ವರ್ಷ ತಂಡ ಸೇರಿದವರು. ಪರವೂರಿನ ಹೋಟೆಲುಗಳಲ್ಲಿ ಒಂದೇ ಕೋಣೆಯಲ್ಲಿ ಮಲಗಿದವರು, ಸೋತ ರಾತ್ರಿಗಳಲ್ಲಿ ಸೌನಾದ ಉಗಿಕೋಣೆಯ ಬಿಸಿ ಹಲಗೆಯ ಮೇಲೆ ಪಕ್ಕಪಕ್ಕ ಕೂತು ಮಾತಿಲ್ಲದೆ ಬೆವರಿದವರು. ರೈಮೋ ಗೆಳೆಯನ ಹೆಗಲು ತಟ್ಟಿದ. "ಬಿಡು. ನನ್ನ ಪರವಾಗಿ ನೀನಾದ್ರೂ ಬಾಯಿ ಬಿಟ್ಟೆಯಲ್ಲ, ಸಾಕು." ಆಮೇಲೆ ಇನ್ನೊಂದು ಕಾಲಿಗೂ ಪ್ಯಾಡು ಕಟ್ಟಿಕೊಂಡ. ಇಳಿಯದಿದ್ದರೂ ಬದಲಿ ಗೋಲ್‌ಕೀಪರು ಪೂರ್ತಿ ವೇಷದಲ್ಲೇ ಕೂರಬೇಕು. ಹೊರಡುವ ಮೊದಲು ಮೂಲೆಯಲ್ಲಿ ಬಿಳಿಚಿಕೊಂಡು ನಿಂತಿದ್ದ ಎಲಿಯಾಸ್‌ನ ಬಳಿ ಹೋಗಿ, "ಪಕ್ ಒಂದನ್ನೇ ನೋಡು. ಜನ ಏನು ಕೂಗ್ತಾರೆ ಅಂತ ಕಿವಿ ಕೊಡ್ಬೇಡ," ಎಂದು ಹೇಳಿದ.

ಜನ ಕೂಗಿದರು. ಎರಡನೆಯ ಅವಧಿ ಮುಗಿಯುವುದರೊಳಗೆ ಎಲಿಯಾಸ್ ಎರಡು ಗೋಲು ಬಿಟ್ಟಿದ್ದ. ಎರಡನೆಯ ಸಲ ಪಕ್, ಆ ಕರಿ ರಬ್ಬರ್ ಬಿಲ್ಲೆ, ಅವನ ಕಾಲುಗಳ ನಡುವೆಯೇ ನುಸುಳಿಹೋಗಿತ್ತು. ಮೊದಲು ಒಂದು ಮೂಲೆಯಿಂದ, ಆಮೇಲೆ ಸುತ್ತಲಿಂದ, "ರೈಮೋ! ರೈಮೋ!" ಎಂಬ ಕೂಗೆದ್ದಿತು. ಕೋಚು ಬೆಂಚಿನ ತುದಿಯತ್ತ ತಿರುಗಿ, "ಹೆಲ್ಮೆಟ್ ಹಾಕ್ಕೋ," ಎಂದ. ರೈಮೋ ಹಾಕಿಕೊಂಡು ಎದ್ದ. ಆ ಗಳಿಗೆಯಲ್ಲಿ ಅವನಿಗೆ ಮಂಡಿ ಇರುವುದೇ ಮರೆತುಹೋಗಿತ್ತು.

ಅಷ್ಟರಲ್ಲಿ ಟಾರ್ಮೊ ತನ್ನ ಸರದಿ ಮುಗಿಸಿ ಏದುಸಿರು ಬಿಡುತ್ತ ಒಳಗೆ ಬಂದು ಬೆಂಚಿನ ಮೇಲೆ ಕುಕ್ಕರಿಸಿದ. "ಹುಡುಗನ್ನ ತೆಗೀಬೇಡಿ ಕೋಚ್!"

"ಎರಡು ಬಿಟ್ಟಿದ್ದಾನೆ ಕಣಯ್ಯ."

"ಬಿಡ್ಲಿ. ಎಡಕ್ಕೆ ಬೀಳೋಕೆ ರೈಮೋನ ಮಂಡಿ ಮಡಚಲ್ಲ, ಅದು ಎದುರು ತಂಡಕ್ಕೂ ಗೊತ್ತು. ನಾಲ್ಕು ಬಿಡ್ತಾನೆ. ಬೆಳಿಗ್ಗೆ ನಾನು ನಿಮ್ಮ ರೂಮಿಗೆ ಬಂದು ಹೇಳಿದ್ದು ಇದನ್ನೇ ತಾನೆ? ನೀವು ಒಪ್ಪಿದ್ರಿ ತಾನೆ?"

ಕೋಚು ಅವನ ಬೆನ್ನ ಹಿಂದೆ ನೋಡಿದ. ಟಾರ್ಮೊ ತಿರುಗಿದ. ಒಂದು ಮೊಳದಾಚೆ, ಹೆಲ್ಮೆಟ್ಟಿನ ಸರಳುಗಳ ಹಿಂದೆ, ರೈಮೋ ನಿಂತಿದ್ದ.

"ಕೂತ್ಕೋ, ರೈಮೋ," ಎಂದ ಕೋಚು.

ರೈಮೋ ಕೂತ. ಆ ಅವಧಿ ಮುಗಿಯುವವರೆಗೂ ಹೆಲ್ಮೆಟ್ ತೆಗೆಯಲಿಲ್ಲ.

ಮೂರನೆಯ ಅವಧಿಯಲ್ಲಿ ಟಾರ್ಮೊ ಮೈಮೇಲೆ ಬಂದವನಂತೆ ಆಡಿದ. ಒಂದು ಗೋಲು ತಾನೇ ಹೊಡೆದ, ಇನ್ನೊಂದನ್ನು ಹೊಡೆಸಿ ಸಮ ಮಾಡಿದ. ಹೆಚ್ಚುವರಿ ಸಮಯದಲ್ಲಿ ಎದುರಾಳಿಯ ಹೊಡೆತವೊಂದಕ್ಕೆ ಎಲಿಯಾಸ್ ಎಡಕ್ಕೆ ಅಡ್ಡಬಿದ್ದು ಎದೆಯೊಡ್ಡಿದ. ಮರುಕ್ಷಣವೇ ಪಕ್ ಆಚೆ ತುದಿಯ ಬಲೆಯಲ್ಲಿತ್ತು. ಅಲ್ಲಿಗೆ ಮುಗಿಯಿತು, ಗೆದ್ದರು. ಬೆಂಚಿನ ಮೇಲಿದ್ದವರೆಲ್ಲ ಕೈಗವಸು ಎಸೆದು ಮಂಜುಗಡ್ಡೆಯ ಮೇಲೆ ನುಗ್ಗಿದರು. ರೈಮೋ ನಿಧಾನವಾಗಿ ಕೊನೆಯವನಾಗಿ ಇಳಿದ. ನೇರ ಎಲಿಯಾಸ್‌ನ ಬಳಿ ಹೋಗಿ ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ. ಹುಡುಗ ಅಳುತ್ತಿದ್ದ.

ಕಪ್ ಮೊದಲು ಕಪ್ತಾನನ ಕೈಗೆ ಬರುತ್ತದೆ. ಅವನಿಂದ ಅದು ಯಾರ ಕೈಗೆ ಹೋಗಬೇಕೆಂಬುದು ಅವನ ಇಷ್ಟ. ಟಾರ್ಮೊ ಅದನ್ನು ಎತ್ತಿ ತೋರಿಸಲೂ ಇಲ್ಲ. ಎದೆಗವಚಿಕೊಂಡು ಜಾರುತ್ತ ರೈಮೋ ನಿಂತಲ್ಲಿಗೆ ಬಂದ. ಕ್ರೀಡಾಂಗಣಕ್ಕೆ ಕ್ರೀಡಾಂಗಣವೇ ಎದ್ದು ನಿಂತಿತು.

"ತಗೋ. ಇದು ನಿಂದು."

"ಹುಡುಗನಿಗೆ ಕೊಡು. ಅವನು ಗೆಲ್ಲಿಸಿದ್ದು."

"ಜನ ಎಲ್ಲ ನೋಡ್ತಿದ್ದಾರೆ ಕಣೋ."

"ಅದಕ್ಕೇ ಕೊಡ್ತಿದ್ದೀಯಾ?"

ಟಾರ್ಮೊ ಕಪ್ಪನ್ನು ಇನ್ನಷ್ಟು ಮುಂದೆ ಚಾಚಿದ. "ಹುಡುಗ ಇಲ್ದಿದ್ರೆ ಸೋಲ್ತಿದ್ವಿ, ರೈಮೋ. ನಿನ್ನ ಮೇಲೆ ಪ್ರೀತಿ ಇಲ್ಲ ಅಂತಲ್ಲ..."

"ಗೊತ್ತು." ಗದ್ದಲದಲ್ಲಿ ಕೇಳಿಸಲೆಂದು ರೈಮೋ ಹಣೆಗೆ ಹಣೆ ತಾಗುವಷ್ಟು ಬಗ್ಗಿದ. ಮೇಲಿದ್ದವರಿಗೆ ಇಬ್ಬರು ಹಳೆಯ ಗೆಳೆಯರು ಕಂಡರು. ಚಪ್ಪಾಳೆ ಇನ್ನೂ ಜೋರಾಯಿತು. "ನಾನು ಕಪ್ತಾನನಾಗಿದ್ರೂ ಅವನನ್ನೇ ಇಳಿಸ್ತಿದ್ದೆ. ಆದ್ರೆ ಇಳಿಸಿದ್ದು ನಾನೇ ಅಂತ ನಿನಗೆ ಹೇಳ್ತಿದ್ದೆ."

ಅಷ್ಟು ಹೇಳಿ ಕಪ್ ತೆಗೆದುಕೊಂಡ. ಅಪ್ಪ ಕೂತಿದ್ದ ದಿಕ್ಕಿಗೆ ಒಮ್ಮೆ ಎತ್ತಿ ತೋರಿಸಿದ, ಎಲಿಯಾಸ್‌ನನ್ನು ಹುಡುಕಿಕೊಂಡು ಜಾರಿಹೋದ. ಟಾರ್ಮೊನ ಎರಡು ಕೈಗಳು, ಏನನ್ನೋ ಹಿಡಿದ ಹಾಗೆಯೇ, ಗಾಳಿಯಲ್ಲಿ ಉಳಿದಿದ್ದವು.