ತೆರೆಯಬಾರದ ಡಿಸ್ಕ್

ಪರೀಕ್ಷೆಗೆಂದು ಕಂಪ್ಯೂಟರಿಗೆ ಚುಚ್ಚಿದ ಖಾಲಿ ಡಿಸ್ಕ್ ಮತ್ತೆ ತಾನಾಗಿಯೇ ತೆರೆದುಕೊಂಡಿತು. ಲುಸುಂಗು ಅದನ್ನು ಕಿತ್ತು ತನ್ನ ಅಂಗಡಿಯ ಮೇಜಿನ ಮೇಲಿಟ್ಟಳು. ಅಸಲಿ ಡಿಸ್ಕ್ ಎದುರಿಗೆ ಕೂತಿದ್ದ ನ್ಯಾಗೊಂಡ್ವೆ ಅಜ್ಜಿಯ ಬಟ್ಟೆಯ ಗಂಟಿನಲ್ಲಿ ಭದ್ರವಾಗಿತ್ತು.

ಅಜ್ಜಿಯ ಗಂಡ ಊರಿನ ಮುಖ್ಯಸ್ಥನಾಗಿದ್ದವನು. ಸರೋವರದ ದಂಡೆಯಲ್ಲಿ ಊರಿನ ಗಡಿ ಎಲ್ಲಿಂದ ಎಲ್ಲಿಗೆ ಎಂಬುದನ್ನು ಸಾಯುವ ಮುನ್ನ ತನ್ನ ದನಿಯಲ್ಲೇ ಹೇಳಿ ಆ ಡಿಸ್ಕಿನಲ್ಲಿ ತುಂಬಿಸಿದ್ದ. ಈಗ ಆ ದಂಡೆ ತಮ್ಮದೆಂದು ಹೋಟೆಲಿನವರ ದಾವೆ. ಮರುದಿನವೇ ಮ್ಜುಜು ಪಟ್ಟಣದ ನ್ಯಾಯಾಲಯಕ್ಕೆ ಡಿಸ್ಕಿನ ಪ್ರತಿ ಕೊಡಬೇಕಿತ್ತು.

"ತಾನಾಗೇ ತೆರ್ಕೊಂಡ್ರೆ ಒಳ್ಳೇದೇ ಅಲ್ವೇನೇ?" ಎಂದಳು ಅಜ್ಜಿ.

"ತೆರೆದ ಹೊತ್ತು ಡಿಸ್ಕಲ್ಲೇ ದಾಖಲಾಗುತ್ತೆ ಅಜ್ಜಿ. 'ಮುದುಕ ಸತ್ತ ಮೇಲೆ ಯಾರೋ ಒಳಗೆ ಕೈಯಾಡಿಸಿದ್ದಾರೆ' ಅಂತಾನೆ ಹೋಟೆಲಿನವರ ವಕೀಲ. ತೆರೀದೇನೇ, ಇಡೀ ಡಿಸ್ಕನ್ನ ಇದ್ದ ಹಾಗೇ ಪ್ರತಿ ತೆಗೀಬೇಕು."

ಲಿನಕ್ಸ್ ಕಂಪ್ಯೂಟರಿನಲ್ಲಿ ಡಿಸ್ಕನ್ನು ತಾನಾಗಿ ತೆರೆಯುವ ಸೆಟ್ಟಿಂಗನ್ನು ಅವಳು ಆಗಲೇ ಬಂದ್ ಮಾಡಿದ್ದಳು. ಆದರೂ ತೆರೆಯಿತು. ಅದರ ಹಿಂದೆ ದುಡಿಯುವ ತಂತ್ರಾಂಶವನ್ನೇ ನಿಲ್ಲಿಸಿದಳು. ಆಗಲೂ ತೆರೆಯಿತು.

"ಬೇರೆ ಅಂಗಡಿಗೆ ಹೋಗೋಣ್ವಾ?"

"ಬೇಡ. ಅಲ್ಲಿ ಹೀಗೆ ತಾನಾಗೇ ತೆರೆಯೋ ಕಳ್ಳ ಇದ್ರೂ ನಮಗೆ ಗೊತ್ತಾಗಲ್ಲ. ಇಲ್ಲಿ ಇದಾನೆ ಅಂತಾದ್ರೂ ಗೊತ್ತು. ಹಿಡಿದೇ ಹಿಡೀತೀನಿ."

ಖಾಲಿ ಡಿಸ್ಕನ್ನು ಮತ್ತೆ ಚುಚ್ಚಿ, ಒಳಗೊಳಗೇ ಏನೇನು ನಡೆಯುತ್ತದೆಂದು ಪರದೆಯ ಮೇಲೆ ಸಾಲುಸಾಲಾಗಿ ಓದುತ್ತ ಹೋದಳು. ಕೊನೆಗೆ ಸಿಕ್ಕಿತು: ಯಾವ ಡಿಸ್ಕ್ ಬಂದರೂ ಕೂಡಲೇ ತೆರೆ ಎಂಬ ಪ್ರತ್ಯೇಕ ನಿಯಮವೊಂದನ್ನು ಯಾರೋ ಬರೆದಿಟ್ಟಿದ್ದರು. ಲುಸುಂಗು ತನ್ನ ಹಳೆಯ ಪಾಲುದಾರ ವೆಜಿಗೆ ಫೋನು ಮಾಡಿದಳು.

"ಹೌದು, ನಾನೇ ಹಾಕಿದ್ದು. ಗಿರಾಕಿಗಳ ಕೆಲಸ ಬೇಗ ಆಗ್ಲಿ ಅಂತ. ಯಾಕೆ, ಕೈ ಕೊಡ್ತಾ?"

"ಕೈ ಕೊಟ್ಟಿದ್ರೆ ಪರವಾಗಿರ್ಲಿಲ್ಲ ಮಾರಾಯ. ಕಂಡಕಂಡಲ್ಲೆಲ್ಲಾ ಕೈ ಹಾಕ್ತಿದೆ!"

ನಿಯಮವನ್ನು ಅಳಿಸಿ, ಕಂಪ್ಯೂಟರನ್ನು ನಿಲ್ಲಿಸಿ ಮತ್ತೆ ಶುರುಮಾಡಿ, ಖಾಲಿ ಡಿಸ್ಕ್ ಚುಚ್ಚಿದಳು. ಡಿಸ್ಕ್ ಬಂದದ್ದು ಕಂಪ್ಯೂಟರಿಗೆ ಗೊತ್ತಾಯಿತು, ಆದರೆ ತೆರೆದುಕೊಳ್ಳಲಿಲ್ಲ. ಇನ್ನೊಮ್ಮೆ ನೋಡಿದಳು. ಆಮೇಲೇ ಅಜ್ಜಿಯತ್ತ ಕೈ ಚಾಚಿದಳು. ಅಜ್ಜಿ ಹಲ್ಲಿನಿಂದ ಗಂಟು ಬಿಚ್ಚಿದಳು.

ಮರುದಿನ ನ್ಯಾಯಾಲಯದಲ್ಲಿ ಹೋಟೆಲಿನ ವಕೀಲ ಲುಸುಂಗುವನ್ನು ಕೇಳಿದ: "ಇದರಲ್ಲಿರೋದನ್ನ ನೀವು ಕೇಳಿದ್ದೀರಾ?"

"ಇಲ್ಲ."

"ಏನಿದೆ ಅಂತಾನೇ ಗೊತ್ತಿಲ್ದೆ ಸಾಕ್ಷಿ ಹೇಳೋಕೆ ಬಂದ್ರಾ?"

"ಇಲ್ಲಿ ಕೇಳೋವರೆಗೂ ಯಾರಿಗೂ ಗೊತ್ತಾಗದ ಹಾಗೆ ನೋಡ್ಕೊಳ್ಳೋದೇ ನನ್ನ ಕೆಲಸ ಆಗಿತ್ತು, ಸಾರ್. ಡಿಸ್ಕ್ ಕೊನೇ ಸಲ ತೆರೆದದ್ದು ಮುಖ್ಯಸ್ಥರು ಬದುಕಿದ್ದಾಗ. ನೀವೇ ಪರೀಕ್ಷೆ ಮಾಡಿಸಿ."

ವಕೀಲನ ಕಡೆಯ ತಜ್ಞ ಪರೀಕ್ಷಿಸಿ, ಹೌದೆಂದು ತಲೆಯಾಡಿಸಿದ. ನ್ಯಾಯಾಧೀಶೆ ಪ್ರತಿಯನ್ನು ಕೇಳಿಸಲು ಹೇಳಿದರು.

ಮೊದಲು ಒಂದು ಕೆಮ್ಮು. ಆಮೇಲೆ ಮುದುಕನ ನಿಧಾನದ ದನಿ, ದಂಡೆಯ ಒಂದೊಂದೇ ಬಂಡೆಯನ್ನು ಹೆಸರು ಹಿಡಿದು ಕರೆಯತೊಡಗಿತು. ನ್ಯಾಗೊಂಡ್ವೆ ಬೆಂಚಿನಿಂದ ಇಳಿದು, ಅವನು ಮಾತಾಡುವಾಗ ಯಾವಾಗಲೂ ಕೂರುತ್ತಿದ್ದಂತೆ ನೆಲಕ್ಕೆ ಮಂಡಿಯೂರಿದಳು. ಹಿಂದಿನ ಸಾಲುಗಳಲ್ಲಿದ್ದ ಊರಿನವರೂ ಒಬ್ಬೊಬ್ಬರಾಗಿ ಇಳಿದರು. ಹೋಟೆಲಿನ ವಕೀಲನೊಬ್ಬನೇ ನಿಂತೇ ಇದ್ದ, ಕೂರಬೇಕೋ ಬೇಡವೋ ತಿಳಿಯದೆ.