ಸಿಲಿಂಡರಿನ ಒಳಮೈ

ಎಣ್ಣೆ ಕಾಗದ ಬಿಚ್ಚಿ ಬ್ರೇಕ್ ಸಿಲಿಂಡರಿನೊಳಗೆ ಬೆರಳಾಡಿಸಿದ ಗನಿಸಾಬನ ಕೈ ಅಲ್ಲೇ ನಿಂತಿತು. ವಿಲಾಯಿತಿಯ ಅಸಲಿ ಮಾಲಾಗಿದ್ದರೆ ಒಳಮೈ ಕನ್ನಡಿಯಂತೆ ನುಣುಪಾಗಿರಬೇಕಿತ್ತು. ಇಲ್ಲಿ ಲೋಹ ಕಡೆಯುವ ಲೇಥ್ ಯಂತ್ರದ ಸಣ್ಣ ಗೆರೆಗಳು ಉಗುರಿಗೆ ತಾಗಿದವು. ಸಾವಿರದ ಒಂಬೈನೂರ ಎಪ್ಪತ್ತೆರಡರ ಮುಂಬಯಿಯ ಸಾಂತಾಕ್ರೂಜಿನ ಗ್ಯಾರೇಜುಗಳಲ್ಲಿ ಹಳೇ ಕಾರುಗಳ ಬಳಸದೆ ಉಳಿದ ಬಿಡಿಭಾಗ ಅಸಲಿಯೋ ನಕಲಿಯೋ ಎಂಬುದಕ್ಕೆ ಅವನದೇ ಕೊನೆಯ ಮಾತು.

"ಮೂವತ್ತ್ ವರ್ಷದ್ದು, ಸೀಲ್ ಒಡದಿಲ್ಲ ಅಂತಿದ್ರು ನಮ್ಮವ್ರು. ಅಸಲಿ ಐತಲ್ರಿ ಭಾಯಿ?" ಎಂದಳು ತಾಜಬಿ. ಅವಳ ಗಂಡ, ಗನಿಸಾಬನ ಜೀವದ ಗೆಳೆಯ, ಲೇಥ್ ಕೆಲಸಗಾರ ಹಾಶಿಮ, ತೀರಿಕೊಂಡು ನಲವತ್ತು ದಿನವಾಗಿತ್ತು. ಅವನ ಟ್ರಂಕಿನಲ್ಲಿ ಸಿಕ್ಕಿದ್ದನ್ನು ಮಾರಲು ತಂದಿದ್ದಳು.

"ಇಲ್ಲ ಭಾಬಿ. ಇದು ಹಾಶಿಮ ತಾನ ಮಾಡಿದ್ದು."

"ಹಂಗಾರ ಇದರ ಜೋಡಿದು, ಹೋದ ತಿಂಗಳ ಮುಂಚೆ ನಮ್ಮವ್ರು ಕೊಟ್ಟು ಬಾಂದ್ರಾದ ಸಾಹೇಬ್ರ ಕಾರಿಗಿ ಹಾಕಿದ್ದು? ಅದನ್ನ ನೀವ ಪಾಸ್ ಮಾಡಿದ್ರಲ್ಲ!"

ಗೆಳೆಯನ ಮಾತು ನಂಬಿ ಅದರ ಎಣ್ಣೆ ಕಾಗದವನ್ನೂ ಗನಿಸಾಬ ಬಿಚ್ಚಿ ನೋಡಿರಲಿಲ್ಲ. ಇಂಥ ಗೆರೆಗಳು ಒಳಗಿನ ರಬ್ಬರನ್ನು ಸವೆಸಿದರೆ ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವುದಿಲ್ಲ. ಚಪ್ಪಲಿ ಮರೆತು ಲೋಕಲ್ ರೈಲು ಹಿಡಿದು ಬಾಂದ್ರಾಕ್ಕೆ ಓಡಿದ. ಬಂಗಲೆಯ ಮುಂದೆ ಕಾರಿರಲಿಲ್ಲ. ಮನೆಗೆಲಸದ ಗುರುಬಾಯಿ ಮೆಟ್ಟಿಲು ತೊಳೆಯುತ್ತಿದ್ದಳು.

"ಸಾಹೇಬ್ರು ಮಕ್ಕಳನ್ನ ಕರಕೊಂಡು ಖಂಡಾಳಾ ಘಾಟಕ್ಕ ಹೋದ್ರು. ಗನಿಸಾಬ್ರು ನೋಡಿದ ಕಾರು, ಏನೂ ಚಿಂತಿ ಇಲ್ಲ ಅಂದ್ರು," ಎಂದಳು.

ಗನಿಸಾಬ ಆ ಒದ್ದೆ ಮೆಟ್ಟಿಲ ಮೇಲೆಯೇ ಕುಳಿತ. ಬೀದಿಯಲ್ಲಿ ಬರುವ ಒಂದೊಂದು ಕಾರಿಗೂ ಎದ್ದು ನಿಲ್ಲುತ್ತಿದ್ದ.