ಬೆನ್ನ ಮೇಲಿನ ಹೆಸರು

"ಮೊದಲು ಅವನ ಅಂಗಿ ಬಿಚ್ಚೋ, ಆಸ್ಪತ್ರೆ ಆಮೇಲೆ!" ಎಂದು ಮೇಸ್ತ್ರಿ ಗದರಿದ. ಗರಗಸಕ್ಕೆ ಮುಂಗೈ ಸಿಕ್ಕಿ ಭಾವ ಮರದ ಹೊಟ್ಟಿನ ಮೇಲೆ ಬಿದ್ದಿದ್ದ. ಅಕ್ಕನ ಗಂಡ, ಭಾವಮೈದನನ್ನು ಈ ಸಾಮಿಲ್ಲಿಗೆ ಸೇರಿಸಿದವನೂ ಅವನೇ. ಭಾವಮೈದ ರಕ್ತ ಸೋರುವ ಕೈಗೆ ಟವೆಲು ಬಿಗಿದು ತಲೆಯೆತ್ತಿದ.

"ಅಂಗಿ ಬೆನ್ನ ಮೇಲೆ ಮಿಲ್ಲಿನ ಹೆಸರಿದೆ," ಎಂದ ಮೇಸ್ತ್ರಿ. "ಹಿಂಗೇ ಹೋದ್ರೆ ಇಲ್ಲಿನ ಆಳು ಅಂತ ಗೊತ್ತಾಗುತ್ತೆ, ಪರಿಹಾರ ಸಾಹುಕಾರ್ರ ತಲೆಗೆ ಬರುತ್ತೆ. ಮನೇಲಿ ಸೌದೆ ಕೊಯ್ಯೋವಾಗ ಆಯ್ತು ಅನ್ನು. ನಿನ್ನ ಬೆನ್ನ ಮೇಲೂ ಅದೇ ಹೆಸರಿದೆಯಲ್ಲ, ನಾಳೆಯೂ ಇರ್ಬೇಕೋ ಬೇಡ್ವೋ?"

ಭಾವಮೈದ ಭಾವನ ಅಂಗಿಯ ಗುಂಡಿಗಳಿಗೆ ಕೈ ಹಾಕಿದ. ಬೆವರಿದ ಎದೆಗೆ ಗಾಳಿ ತಾಗುತ್ತಲೇ ಭಾವ ಕಣ್ಣು ತೆರೆದ.

"ಸೆಖೆ ಆಗ್ತಿತ್ತು ಕಣೋ, ಒಳ್ಳೇದು ಮಾಡ್ದೆ. ಸದ್ಯ, ನೀನಿದ್ದೆ."

ಕೊನೆಯ ಗುಂಡಿ ಬಿಗಿಯಾಗಿತ್ತು. ಭಾವಮೈದ ಅದನ್ನು ಕಿತ್ತೇ ತೆಗೆದ.